ಜೋಳದ ಕಾಳಿನಷ್ಟು

ಪ್ಲಾಸ್ಟಿಕ್ ಇನ್ನೂ ಅಲ್ಲೇ ಇತ್ತು.

ಕನಕರಾಯ ಕಂಪ್ಯೂಟರಿನೊಳಗಿನ ಕೂಲರನ್ನು ಬೋರಲು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದ. ಅಲ್ಯೂಮಿನಿಯಂ ಬುಡದಲ್ಲಿ ಕಾವು ದಾಟಿಸಲೆಂದು ಕಾರ್ಖಾನೆಯವರೇ ಅಂಟಿಸಿ ಕಳಿಸಿದ ಬೂದು ಪಟ್ಟಿ. ಅದರ ಮೇಲೆ ತೆಳ್ಳನೆಯ ನೀಲಿ ಹಾಳೆ, ಸುಕ್ಕುಗಟ್ಟಿ, ಅಂಚಿನಲ್ಲಿ ಕಂದಿಹೋಗಿತ್ತು. ಪ್ರೊಸೆಸರಿನ ಮೇಲೆ ಕೂಲರನ್ನು ಕೂಡಿಸುವ ಮೊದಲು ಆ ಹಾಳೆಯನ್ನು ಕಿತ್ತೆಸೆಯಬೇಕು. ಕೀಳದಿದ್ದರೆ ಕಾವು ಮೇಲಕ್ಕೆ ದಾಟುವುದಿಲ್ಲ. ಮೇಲೆ ಫ್ಯಾನು ತಿರುಗುತ್ತಲೇ ಇರುತ್ತದೆ, ಕೆಳಗೆ ಪ್ರೊಸೆಸರು ಬೇಯುತ್ತಲೇ ಇರುತ್ತದೆ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಮೊದಲನೆಯ ಸಾಲೇ ಅದು.

1999ರ ಮಾರ್ಚ್ ಹದಿನೆಂಟರಂದು ಈ ಕಂಪ್ಯೂಟರನ್ನು ಜೋಡಿಸಿದವನು ಅವನೇ. ಇವತ್ತು ಜೂನ್ ಒಂಬತ್ತು. ಎಂಬತ್ತಮೂರು ದಿನ.

"ಏನರ ಸಿಕ್ತೇನ್ರಿ ಸರ?" ಹಿಂದಿನಿಂದ ರಾಜೇಸಾಬರು ಕೇಳಿದರು.

"ಧೂಳು," ಎಂದ ಕನಕರಾಯ.

ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಮುಷ್ಟಿಯೊಳಗೆ ಮುದುಡಿಕೊಂಡ. ಮುಷ್ಟಿ ಜೇಬಿಗೆ ಹೋಗಿ ಖಾಲಿಯಾಗಿ ಬಂತು. ಇಷ್ಟು ಚುರುಕಾಗಿ ತನ್ನ ಕೈ ಯಾವತ್ತೂ ಕೆಲಸ ಮಾಡಿದ್ದು ಅವನಿಗೆ ನೆನಪಿರಲಿಲ್ಲ.

ಮಸ್ಕಿಯ ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿ ರಾಜೇಸಾಬರ ಪ್ರೆಸ್ಸು. ಮುಂದಿನ ಕೋಣೆಯಲ್ಲಿ ಕಂಪ್ಯೂಟರು ಮತ್ತು ಲೇಸರ್ ಪ್ರಿಂಟರು, ನಡುವಿನ ಕೋಣೆಯಲ್ಲಿ ಸ್ಕ್ರೀನ್ ಪ್ರಿಂಟಿಂಗಿನ ಮೇಜು, ಅದರ ಹಿಂದೆ ಮನೆ. ಲಗ್ನಪತ್ರಿಕೆ, ಬಿಲ್‌ಬುಕ್ಕು, ಕರಪತ್ರ. ಸಿಂಧನೂರಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುವ ಕನಕರಾಯನೇ ಈ ಕಂಪ್ಯೂಟರಿಗೆ ಡಾಕ್ಟರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಕಂಪ್ಯೂಟರ್ ಬಿಚ್ಚಿ ಕೂಡಿಸಬಲ್ಲವನು ಅವನೊಬ್ಬನೇ ಎಂದು ಜನ ಹೇಳುತ್ತಿದ್ದರು. ಅವನು ಅಲ್ಲಗಳೆದಿರಲಿಲ್ಲ.

"ಹಸೀನಾ, ಬಾ ಮುಂದ," ರಾಜೇಸಾಬರು ಕರೆದರು. "ಸರ್ ಬಿಚ್ಚ್ಯಾರ. ನಿನ್ನ ಮುಂದೇ ಹೇಳಲಿ. ನಾಳೆ ಚಾಚಾ ಹಿಂದೊಂದು ಮುಂದೊಂದು ಅಂದ ಅನ್ನಬ್ಯಾಡ."

ಹಸೀನಾಬೀ ಬಾಗಿಲ ಚೌಕಟ್ಟು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಇಪ್ಪತ್ತೆರಡು ವರ್ಷದ ಹುಡುಗಿ. ಸಂಬಳಕ್ಕೆ ಬರುವವಳು, ಪ್ರೆಸ್ಸಿನ ಟೈಪಿಂಗ್ ಎಲ್ಲ ಅವಳದೇ. ಅವಳ ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕಿತ್ತು. ಅದನ್ನು ಕನಕರಾಯ ಮೊದಲೂ ನೋಡಿದ್ದ. ನೋಡಿದ್ದ ಎಂದರೆ ಕಣ್ಣಿಗೆ ಬಿದ್ದಿತ್ತು.

ಮನೆಮಂದಿ ಮನೆಯೊಳಗೆ ಉರ್ದು ಆಡುತ್ತಿದ್ದರು. ಅವನು ಬಂದ ಕೂಡಲೇ ಎಲ್ಲರೂ ಕನ್ನಡಕ್ಕೆ ಹೊರಳಿದ್ದರು. ಅದು ಅವನಿಗೆ ಕೊಟ್ಟ ಮರ್ಯಾದೆ.

"ಉಪ್ಪಿನಕಾಯಿ ಎಲ್ಲಾರ ಕೈಗೂ ತಡಿತೈತೇನ್ರಿ ಸರ?" ರಾಜೇಸಾಬರು ಸ್ಟೂಲಿನ ಮೇಲೆ ಕೂತರು. "ಒಬ್ಬೊಬ್ರು ಮುಟ್ಟಿದ್ರ ವಾರದಾಗ ಕೆಟ್ಟು ಹೋಗ್ತೈತಿ. ಕೈಗುಣ ಅಂತಾರ. ಮಿಸೀನೂ ಹಂಗ. ನಾ ಕುಂತ್ರ ನಡಿತೈತಿ. ಈಕಿ ಕುಂತ್ರ ಮುಕ್ಕಾಲು ತಾಸಿಗೆ ಬಂದ್. ಈಕಿ ಕೈಯಾಗ ಕಾವು ಐತ್ರಿ."

"ನೀವು ಕುಂದ್ರೋದು ಐದು ಮಿನಿಟು ಚಾಚಾ," ಎಂದಳು ಹಸೀನಾಬೀ. "ಅದೂ ಇಸ್ಪೀಟ್ ಆಡಾಕ. ನನ್ನ ಕೈಯಾಗ ಅಷ್ಟು ಕಾವಿದ್ರ ಒಲಿ ಯಾಕ ಹಚ್ಚ್ತೀರಿ? ನನ್ನ ಅಂಗೈ ಮ್ಯಾಲೇ ರೊಟ್ಟಿ ಬೇಸ್ಕೋರಿ."

ಒಳಗಿನಿಂದ ರಾಜೇಸಾಬರ ಹೆಂಡತಿ ಖಾತೂನ್‌ಬೀ ನಕ್ಕದ್ದು ಕೇಳಿಸಿತು. ರಾಜೇಸಾಬರೂ ನಗಲು ಹೋಗಿ ತಡೆದುಕೊಂಡರು. ಅವರು ಕೆಟ್ಟ ಮನುಷ್ಯರಾಗಿದ್ದರೆ ಅನುಕೂಲವಿತ್ತು ಎಂದು ಕನಕರಾಯನಿಗೆ ಅನ್ನಿಸಿತು.

ಏಪ್ರಿಲ್‌ನಲ್ಲಿ ಕಂಪ್ಯೂಟರು ನಡುವೆಯೇ ಬಂದ್ ಆಗುತ್ತದೆಂದು ಒಮ್ಮೆ ಅವನನ್ನು ಕರೆಸಿದ್ದರು. ನಾಲ್ಕೂವರೆಯ ಬಸ್ಸು ಹಿಡಿಯುವ ಅವಸರ. ಪೆಟ್ಟಿಗೆ ಬಿಚ್ಚಿರಲಿಲ್ಲ. ಹದಿನೈದು ನಿಮಿಷ ನಿಂತು, ಎರಡು ಗುಂಡಿ ಒತ್ತಿ, "ಆಪರೇಟಿಂಗ್ ತಪ್ಪು" ಎಂದು ಹೇಳಿ ಹೋಗಿದ್ದ. ತಪ್ಪು ನಡೆಸುವವರದು ಎಂಬ ಎರಡು ಶಬ್ದ. ರಾಜೇಸಾಬರು ಅವನ್ನು ನೆಟ್ಟು, ನೀರು ಹಾಕಿ, ಕೈಗುಣವಾಗಿ ಬೆಳೆಸಿದ್ದರು.

ಮೇ ತಿಂಗಳಲ್ಲಿ ಸಂತೆಕಲ್ಲೂರಿನ ಮಾಳಿಂಗಪ್ಪನ ಮಗಳ ಲಗ್ನಪತ್ರಿಕೆ ಬಂತು. ಹಸೀನಾಬೀ ತಿದ್ದಿದ ಪ್ರತಿ ಉಳಿಸುವ ಮೊದಲೇ ಕಂಪ್ಯೂಟರು ಸತ್ತಿತು. ಮತ್ತೆ ಚಾಲೂ ಮಾಡಿದಾಗ ಹಳೆಯದೇ ಬಂತು, ಹಳೆಯದೇ ಅಚ್ಚಾಯಿತು. ನಾಲ್ಕು ನೂರು ಕಾರ್ಡಿನಲ್ಲಿ ವರನ ಊರು ಬೇರೆ. ಮಾಳಿಂಗಪ್ಪ ಪ್ರೆಸ್ಸಿನ ಮುಂದೆ ನಿಂತು, "ನನ್ನ ಮಗಳನ್ನ ಯಾವೂರಿಗೆ ಕೊಡಾಕತ್ತೀರಿ ನೀವು?" ಎಂದು ಕೇಳಿದ್ದು ಇಡೀ ಓಣಿಗೆ ಕೇಳಿಸಿತ್ತು. ಅವತ್ತೇ ರಾಜೇಸಾಬರು ಮಾತು ಕೊಟ್ಟಿದ್ದರು. ಸಿಂಧನೂರಿನ ಸರ್ ಬರಲಿ. ಮಿಸೀನಿನ ತಪ್ಪಿದ್ದರೆ ಹುಡುಗಿ ಇರುತ್ತಾಳೆ. ಹುಡುಗಿಯ ತಪ್ಪಿದ್ದರೆ ಬೇರೆಯವರನ್ನು ನೋಡುವುದು.

ಸರ್ ಬಂದಿದ್ದ.

ಅವನು ತಲೆ ಬಗ್ಗಿಸಿ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಹಳೆಯ ಪಟ್ಟಿಯನ್ನು ಉಜ್ಜಿ ತೆಗೆಯತೊಡಗಿದ. ಎದುರಿಗಿದ್ದ ಮಾನಿಟರು ಇನ್ನೂ ಪಾಲಿಥಿನ್ ಚೀಲದೊಳಗೇ ಇತ್ತು. ಪರದೆಯಷ್ಟಕ್ಕೆ ಚೌಕವಾಗಿ ಕತ್ತರಿಸಿದ್ದರು. ಕುರ್ಚಿಯ ಬೆನ್ನಿಗೆ, ಗೋಡೆಯ ಗಡಿಯಾರಕ್ಕೆ, ಸ್ಟೆಬಿಲೈಸರಿಗೆ, ಎಲ್ಲಕ್ಕೂ ಅಂಗಡಿಯಿಂದ ಬಂದ ಕವರು.

"ಒಂದು ಕವರ್ ಸೈತ ತೆಗದಿಲ್ರಿ," ಎಂದರು ರಾಜೇಸಾಬರು, ಅವನ ನೋಟವನ್ನು ಹಿಂಬಾಲಿಸಿ. "ನೀವು ತಂದಿಟ್ಟಂಗ ಇಟ್ಟೀವಿ."

ಸಿಂಧನೂರಿನ ತರಗತಿಯಲ್ಲಿ ಅವನು ಇದನ್ನೇ ಹೇಳಿ ಹುಡುಗರನ್ನು ನಗಿಸುತ್ತಿದ್ದ. ನಮ್ಮ ಜನ ಸೋಫಾದ ಮೇಲೆ ಕೂರುವುದಿಲ್ಲ, ಸೋಫಾದ ಕವರಿನ ಮೇಲೆ ಕೂರುತ್ತಾರೆ. ಅವನ ಬಾಡಿಗೆ ಮನೆಯಲ್ಲಿ ಮೊದಲ ಪಗಾರದಲ್ಲಿ ತಂದ ಎರಡು ಕುರ್ಚಿಗಳಿದ್ದವು. ಅವ್ವ ಕರೆಮ್ಮ ಅವುಗಳ ಕವರಿಗೆ ಕೈ ಹಚ್ಚಲು ಬಿಟ್ಟಿರಲಿಲ್ಲ. "ತೆಗಿಬ್ಯಾಡಪಾ. ತೆಗೆದ ದಿನದಿಂದ ಹಳೇದಾಗ್ತಾವ." ಕೂತರೆ ಬೆವರು, ಎದ್ದರೆ ಚರ್ರೆಂದು ಸದ್ದು. ಅವ್ವನ ಮಾತಿಗೆ ಅವನು ನಕ್ಕಿದ್ದ. ಕವರು ಉಳಿದಿತ್ತು.

ಮಾರ್ಚ್ ಹದಿನೆಂಟರ ಮಧ್ಯಾಹ್ನ ಈಗ ಸ್ಪಷ್ಟವಾಗಿ ನೆನಪಾಯಿತು. ಅವನು ಚೀಟಿ ಓದಿದ್ದ. ಅವನ ಉಗುರು ನೀಲಿ ಹಾಳೆಯ ಅಂಚಿನ ಕೆಳಗೆ ಹೋಗಿಯೂ ಇತ್ತು. ಒಂದು ಮೂಲೆ ಎದ್ದಿತ್ತು. ಕೆಳಗಿನ ಬೂದು ಪಟ್ಟಿ ಯಾರೂ ಮುಟ್ಟದಂತೆ ಹೊಳೆಯುತ್ತಿತ್ತು. ಆಗ ಅವನ ಹೆಬ್ಬೆರಳು ಆ ಮೂಲೆಯನ್ನು ಮತ್ತೆ ಒತ್ತಿ ಕೂಡಿಸಿತು. ಮರೆತದ್ದಲ್ಲ. ತಿಳಿಯದ್ದೂ ಅಲ್ಲ. ಹೊಸದಿದೆ, ಇರಲಿ ಎಂದು ಕೈಗೆ ಅನ್ನಿಸಿತ್ತು. ರಾಯಚೂರಿನಲ್ಲಿ ಬಿ.ಎಸ್ಸಿ., ಹೈದರಾಬಾದಿನಲ್ಲಿ ಆರು ತಿಂಗಳ ಹಾರ್ಡ್‌ವೇರ್ ಕೋರ್ಸು. ಅದರ ಕೆಳಗೆ ಕರೆಮ್ಮನ ಕೈ.

ಇದನ್ನು ಹೇಳುವುದು ಹೇಗೆ? ಪುಸ್ತಕದ ಕನ್ನಡದಲ್ಲಿ ಇದು ಹೇಳಬರುವ ಮಾತಲ್ಲ. ಊರ ಕನ್ನಡವನ್ನು ಅವನು ಬಿಟ್ಟು ಹತ್ತು ವರ್ಷವಾಗಿತ್ತು.

ಅವನು ಚೀಲದಿಂದ ಪೇಸ್ಟು ತೆಗೆದ. ಸೂಜಿಯಿಲ್ಲದ ಸಿರಿಂಜಿನಂಥ ಕೊಳವೆ, ಒಳಗೆ ಬಿಳಿಯ ಲೇಪ. ಪ್ರೊಸೆಸರು ಕಣ್ಣಿಗೆ ನುಣುಪು, ಕೂಲರಿನ ಬುಡವೂ ನುಣುಪು. ಆದರೆ ಎರಡರ ನಡುವೆ ಕಾಣದ ಸಂದುಗಳಿರುತ್ತವೆ, ಅಲ್ಲಿ ಗಾಳಿ ನಿಂತರೆ ಕಾವು ದಾಟುವುದಿಲ್ಲ. ಪೇಸ್ಟು ಆ ಸಂದು ತುಂಬಬೇಕು, ಅಷ್ಟೇ. ಎಷ್ಟು ಹಾಕಬೇಕು ಎಂದು ಹುಡುಗರು ಕೇಳಿದಾಗ ಅವನು ಹೇಳುತ್ತಿದ್ದ: ಜೋಳದ ಕಾಳಿನಷ್ಟು. ಕಡಿಮೆಯಾದರೂ ತಪ್ಪು, ಹೆಚ್ಚಾದರೂ ತಪ್ಪು.

ಒತ್ತಿದ. ಕಡಲೆಕಾಳಿನಷ್ಟು ಬಂತು.

ಹೆಚ್ಚಾದದ್ದನ್ನು ಎಡಗೈಯ ಹೆಬ್ಬೆರಳಿನಿಂದ ತೆಗೆದ; ಒರೆಸಿದರೂ ಅಂಟು ಉಳಿಯಿತು. ಉಳಿದದ್ದನ್ನು ಹಾಳಾದ ಲಗ್ನಪತ್ರಿಕೆಯೊಂದರ ಮೂಲೆಯಿಂದ ತೆಳ್ಳಗೆ ಎಳೆದ.

"ಎಲಿಗೆ ಸುಣ್ಣ ಹಚ್ಚಿದಂಗ ಹಚ್ಚ್ತೀರಲ್ರಿ," ಎಂದರು ರಾಜೇಸಾಬರು, ಸಂತೋಷದಿಂದ. "ಜಾಸ್ತಿ ಆದ್ರ ನಾಲಿಗಿ ಸುಡ್ತೈತಿ."

"ಇಲ್ಲೂ ಹಾಗೇ."

"ಇದು ಮದ್ಲು ಇರ್ಲಿಲ್ಲೇನ್ರಿ ಸರ?" ಹಸೀನಾಬೀ ಕೇಳಿದಳು. ದನಿಯಲ್ಲಿ ಏನೂ ಇರಲಿಲ್ಲ. ಕೇಳಬೇಕಾದ್ದನ್ನು ಕೇಳಿದ್ದಳು.

"ಇತ್ತು," ಎಂದ ಕನಕರಾಯ. "ಒಣಗಿತ್ತು."

"ಮೂರು ತಿಂಗಳದಾಗ?"

"ಒಣಗುತ್ತದೆ. ಮಿಷನ್ ಹೇಗೆ ನಡೆಸುತ್ತಾರೆ ಅನ್ನೋದರ ಮೇಲೆ."

ರಾಜೇಸಾಬರು ಹುಡುಗಿಯ ಕಡೆ ನೋಡಿದರು. ಹುಡುಗಿ ಕನಕರಾಯನ ಜೇಬಿನ ಕಡೆ ನೋಡಿದಳು. ಅಥವಾ ಅವನಿಗೆ ಹಾಗೆ ಅನ್ನಿಸಿತು.

ಅವನು ಕೂಲರನ್ನು ನೇರವಾಗಿ ಇಳಿಸಿ, ಕ್ಲಿಪ್ಪು ಒತ್ತಿ, ಫ್ಯಾನಿನ ತಂತಿ ಸಿಕ್ಕಿಸಿದ. ಚಾಲೂ ಮಾಡಿದ. ಸಮಯ ಹನ್ನೊಂದೂ ಹತ್ತು.

"ಎರಡು ತಾಸು ಓಡಬೇಕು," ಎಂದ. "ಆಮೇಲೆ ಹೇಳಬಹುದು."

"ಓಡ್ಸು," ಎಂದರು ರಾಜೇಸಾಬರು ಹುಡುಗಿಗೆ. ಟೈಪಿಂಗ್ ಬರುತ್ತಿದ್ದದ್ದು ಅವಳೊಬ್ಬಳಿಗೇ.

ಅವಳು ಕೂತಳು. ನೋಟ್‌ಬುಕ್ಕನ್ನು ಮಂಡಿಯ ಮೇಲಿಟ್ಟುಕೊಂಡು ದೇವಸ್ಥಾನ ಸಮಿತಿಯೊಂದರ ಜಮಾಖರ್ಚಿನ ಕರಪತ್ರ ಹೊಡೆಯತೊಡಗಿದಳು. ಬೆರಳುಗಳು ಕೀಲಿಗಳನ್ನು ನೋಡದೆ ಓಡುತ್ತಿದ್ದವು. ಕನಕರಾಯ ಪಕ್ಕದ ಸ್ಟೂಲಿನಲ್ಲಿ ಕೂತು ಗಡಿಯಾರ ನೋಡಿದ. ತಾನು ಏನನ್ನು ಕಾಯುತ್ತಿದ್ದೇನೆ ಎಂಬುದು ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಗೊತ್ತಾಯಿತು. ಕಂಪ್ಯೂಟರು ಮತ್ತೆ ಬಂದ್ ಆಗಲಿ ಎಂದು ಕಾಯುತ್ತಿದ್ದ. ಬಂದ್ ಆದರೆ ಬೇರೆ ಏನೋ ಕಾರಣ. ಆಗ ಯಾರೂ ತಪ್ಪಿತಸ್ಥರಲ್ಲ.

ಖಾತೂನ್‌ಬೀ ರೊಟ್ಟಿ, ಪುಂಡಿಪಲ್ಯೆ ತಂದಿಟ್ಟರು. "ಹೆಂಗೈತ್ರಿ ಡಾಕ್ಟ್ರ, ನಿಮ್ಮ ಪೇಸೆಂಟು? ನನಗ ಜ್ವರ ಬಂದಾಗ ಈ ಮನುಷ್ಯಾ ಇಷ್ಟು ಲಗೂನ ಯಾವ ಡಾಕ್ಟ್ರನ್ನೂ ಕರ್ಸಿಲ್ರಿ."

"ನೀ ಬಂದ್ ಆಗಲ್ಲಲ್ಲ," ಎಂದರು ರಾಜೇಸಾಬರು. "ನಡದಾ ನಡಿತಿ."

ಎಲ್ಲರೂ ನಕ್ಕರು. ಹಸೀನಾಬೀ ನಗುತ್ತಲೇ ಟೈಪು ಮಾಡಿದಳು. ಮುಕ್ಕಾಲು ತಾಸು ದಾಟಿತು. ಒಂದು ತಾಸು ದಾಟಿತು. ಕಂಪ್ಯೂಟರು ನಡೆಯುತ್ತಲೇ ಇತ್ತು.

ರಾಜೇಸಾಬರು ನಮಾಜಿಗೆ ಹೋದರು. ಕೀಲಿಗಳ ಸದ್ದು ನಿಂತಿತು. ಅವಳು ತಿರುಗದೆ, ನೋಟ್‌ಬುಕ್ಕನ್ನು ಎತ್ತಿ ಮೇಜಿನ ಮೇಲೆ ಅವನ ಕಡೆ ಸರಿಸಿದಳು.

ಅವನು ತೆರೆದ. ತಾರೀಖು, ಚಾಲೂ ಮಾಡಿದ ಸಮಯ, ಬಂದಾದ ಸಮಯ. ಮಾರ್ಚ್ ಇಪ್ಪತ್ತೊಂಬತ್ತರಿಂದ ನಿನ್ನೆಯವರೆಗೆ. ಬದಿಯಲ್ಲಿ ಸಣ್ಣ ಅಕ್ಷರ: ಬೆಳಿಗ್ಗೆ ಏಳಕ್ಕೆ, ಒಂದೂ ಕಾಲು ತಾಸು ನಡೆಯಿತು. ಮಧ್ಯಾಹ್ನ ಎರಡಕ್ಕೆ, ಇಪ್ಪತ್ತೆಂಟು ನಿಮಿಷ. ಡಬ್ಬಿಯ ಬದಿ ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆ, ಐವತ್ತು ನಿಮಿಷ. ಮಳೆ ಬಂದ ದಿನ, ಒಂದೂವರೆ ತಾಸು. ಕೊನೆಯ ಪುಟದಲ್ಲಿ ಒಂದೇ ಸಾಲು: ಒಳಗಿನ ಬಿಸಿ ಹೊರಗೆ ಬರಾಕತ್ತಿಲ್ಲ.

ಸಿಂಧನೂರಿನ ಅವನ ಯಾವ ವಿದ್ಯಾರ್ಥಿಯೂ ಇದನ್ನು ಬರೆಯುತ್ತಿರಲಿಲ್ಲ. ಅವನೂ ಬರೆದಿರಲಿಲ್ಲ.

"ಚೆನ್ನಾಗಿ ಬರೆದಿದ್ದೀರಿ," ಎಂದ.

"ಅಕ್ಷರದ ಮಾತಲ್ರಿ ಸರ."

ಅವನು ಪುಟ ಮುಚ್ಚಿದ.

"ಏಪ್ರಿಲ್‌ನ್ಯಾಗೂ ತೋರ್ಸಾಕ ಬಂದಿದ್ದೆ. ನೀವು ಬಸ್ಸು ಅಂದ್ರಿ." ಅವಳು ಈಗಲೂ ಪರದೆಯನ್ನೇ ನೋಡುತ್ತಿದ್ದಳು. "ಯಾರ ತಪ್ಪು ಅಂತ ಚಾಚಾಗ ಹೇಳಬ್ಯಾಡ್ರಿ. ಅದು ನನಗ ಬ್ಯಾಡ. ಮಿಸೀನ್ದು ತಪ್ಪು, ಹುಡುಗೀದಲ್ಲ, ಅಷ್ಟು ಅನ್ರಿ. ಒಂದು ಮಾತು. ಈ ಕೆಲಸ ಬಿಟ್ರ ಅವ್ವನ ಜೋಡಿ ಭತ್ತ ನಾಟಿಗೆ ಕ್ಯಾನಾಲ್ ಕಡೆ ಹೋಗ್ಬೇಕು. ಈ ಬಳ್ಳು ಮತ್ತ ಇದಕ್ಕ ಬರಾಂಗಿಲ್ರಿ."

ಅವಳು ಬೆರಳುಗಳನ್ನು ತೋರಿಸಲಿಲ್ಲ. ಕೀಲಿಗಳ ಮೇಲೆ ಅವು ಹಾಗೇ ಇದ್ದವು.

"ನೋಡೋಣ," ಎಂದ ಕನಕರಾಯ.

ಅವಳು ಮತ್ತೆ ಟೈಪು ಮಾಡತೊಡಗಿದಳು.

ಅವಳು ದಾರಿ ತೋರಿಸಿದ್ದಳು. ಅವನನ್ನು ಕೆಳಗಿಳಿಸದ, ಸುಲಭವಾದ ದಾರಿ. ಅದು ಅವನಿಗೆ ಸಮಾಧಾನ ತರಬೇಕಿತ್ತು. ಬದಲಿಗೆ ಸಿಟ್ಟು ಬಂತು. ಅವಳಿಗೆ ಗೊತ್ತಿದೆ. ಗೊತ್ತಿದ್ದೂ ಕ್ಷಮಿಸುತ್ತಿದ್ದಾಳೆ. ಇನ್ನು ಮೇಲೆ ಮಸ್ಕಿಯಲ್ಲಿ ಒಬ್ಬಳು, ಪ್ರತಿ ದಿನ, ಈ ಕೋಣೆಯಲ್ಲಿ ಕೂತು, ಇದನ್ನು ಗೊತ್ತಿಟ್ಟುಕೊಂಡೇ ಇರುತ್ತಾಳೆ.

ಒಂದೂ ಹತ್ತಕ್ಕೆ ಸರಿಯಾಗಿ ಎರಡು ತಾಸು ಮುಗಿಯಿತು. ರಾಜೇಸಾಬರು ಬಂದು ನಿಂತಿದ್ದರು.

"ಬಂದ್ ಆಗ್ಲಿಲ್ಲ!"

"ನನ್ನ ಕೈಲೇ ನಡಸೀನಿ ಚಾಚಾ," ಎಂದಳು ಹಸೀನಾಬೀ. "ಕಾವಿನ ಕೈಲೇ."

"ಸರ್ ಕುಂತಾರಲ್ಲ ಬಾಜೂಕ," ಎಂದರು ರಾಜೇಸಾಬರು ಪೂರ್ಣ ನಂಬಿಕೆಯಿಂದ. "ಅವರ ಕೈಗುಣ. ಅವರು ಸಿಂಧನೂರು ಬಸ್ ಹತ್ತಲಿ, ನೋಡು." ಆಮೇಲೆ ದನಿ ಇಳಿಸಿ ಅವನ ಹತ್ತಿರ ಬಂದರು. "ಈಗ ಹೇಳ್ರಿ ಸರ. ಹುಡುಗಿ ಶಾಣ್ಯಾಕಿ ಅದಾಳ, ನನಗೂ ಬಿಡಾಕ ಮನಸ್ಸಿಲ್ಲ. ಮಿಸೀನ್ದು ಏನರ ಇತ್ತೇನ್ರಿ? ಇದ್ರ ಅನ್ರಿ. ಮಿಸೀನು ಅಂದ ಮ್ಯಾಲ ಹೆಚ್ಚುಕಮ್ಮಿ ಇರ್ತಾವ. ನಾವೇನ್ ಅನ್ನಂಗಿಲ್ಲ."

ಬಾಗಿಲು ಅಗಲವಾಗಿ ತೆರೆದಿತ್ತು. ಬರಿ ದಾಟಬೇಕಿತ್ತು.

ಕನಕರಾಯ ಬಾಯಿ ತೆರೆದ. ಬಂದ ಧ್ವನಿ ತರಗತಿಯದು.

"ಮಿಷನ್ ಸರಿ ಇದೆ. ಯಾವುದಕ್ಕೂ ಟ್ರೇನಿಂಗ್ ಆದವರು ಇದ್ದರೆ ಒಳ್ಳೆಯದು."

ಕೀಲಿಗಳ ಸದ್ದು ನಿಲ್ಲಲಿಲ್ಲ. ಅದು ಅವನಿಗೆ ಆಶ್ಚರ್ಯವಾಯಿತು. ಅವಳು ಸಾಲು ಮುಗಿಸಿ, ಪೂರ್ಣವಿರಾಮ ಹಾಕಿ, ಉಳಿಸಿ, ಆಮೇಲೆ ಕೈ ತೆಗೆದಳು.

ರಾಜೇಸಾಬರು ತಲೆಯ ಮೇಲಿನ ಟೋಪಿ ತೆಗೆದು ಮಡಚಿದರು. "ಆತು," ಎಂದರು. "ನೀವು ಓದಿದವರು." ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ಹಂಗಾರ ಒಂದು ಹ್ಯಾಂಡ್‌ಬಿಲ್ ಹಾಕಬೇಕು. ಲಿಂಗಸುಗೂರು, ಸಿಂಧನೂರು ಬಸ್‌ಸ್ಟ್ಯಾಂಡಿನ್ಯಾಗ ಹಚ್ಚಾಕ. ಮ್ಯಾಟರ್ ನೀವೇ ಹೇಳ್ರಿ ಸರ, ನಿಮ್ಮ ಭಾಷಾ ಛಲೋ ಐತಿ. ಹಸೀನಾ, ಹೊಡಿಯವ್ವಾ. ಇದೊಂದು ಹೊಡದು ಹೋಗು."

ಅವರಿಗೆ ಅದರಲ್ಲಿ ಕ್ರೌರ್ಯವೇನೂ ಕಾಣಲಿಲ್ಲ. ಟೈಪು ಮಾಡುವವಳು ಅವಳು. ಬೇರೆ ಯಾರಿದ್ದರು?

ಅವನು ಹೇಳಿದ. ಅವಳು ಹೊಡೆದಳು. ಬೇಕಾಗಿದ್ದಾರೆ. ಕಂಪ್ಯೂಟರ್ ಆಪರೇಟರ್. ಕನ್ನಡ ಟೈಪಿಂಗ್ ಬಲ್ಲ, ತರಬೇತಿ ಪಡೆದ, ಜವಾಬ್ದಾರಿಯುಳ್ಳವರು.

"ಜವಾಬ್ದಾರಿಯುಳ್ಳ ಅಭ್ಯರ್ಥಿಗಳು ಅಂತ ಹಾಕ್ಲೇನ್ರಿ?" ಅವಳು ಕೇಳಿದಳು. "ಸಾಲು ತುಂಬ್ತೈತಿ."

"ಹಾಕಿ."

ಲೇಸರ್ ಪ್ರಿಂಟರಿನಿಂದ, ಬೆಳಕು ದಾಟುವಷ್ಟು ತೆಳುವಾದ ಟ್ರೇಸಿಂಗ್ ಹಾಳೆ ಬಿಸಿಯಾಗಿ ಹೊರಬಂತು. ಅವಳು ಅದನ್ನು ಪ್ರೂಫ್ ನೋಡಲು ಅವನ ಕೈಗೆ ಕೊಟ್ಟಳು. ಅವನು ಓದಿದ. ಎರಡನೆಯ ಸಲ ಓದಿದ. ಒಂದು ತಪ್ಪಾದರೂ ಇರಲಿ ಎಂದು ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿದ. ತಪ್ಪಿರಲಿಲ್ಲ.

"ಸರಿ ಇದೆ," ಎಂದು ಮರಳಿಸಿದ.

ಅವಳು ಹಾಳೆಯನ್ನು ನೋಡಿದಳು, ಆಮೇಲೆ ಅವನನ್ನು. ಕೆಳಗಿನ ಖಾಲಿ ಜಾಗದಲ್ಲಿ, ಅವನು ಹಿಡಿದಿದ್ದ ಕಡೆ, ಬಿಳಿಯ ಪೇಸ್ಟಿನ ಗುರುತಿತ್ತು. ಬೆಳಕಿಗೆ ಹಿಡಿದರಷ್ಟೇ ಕಾಣುವಂತಿತ್ತು. ಅವನಿಗೂ ಕಂಡಿತು. ಅದು ಜಿಂಕ್ ಆಕ್ಸೈಡ್, ಬಿಸಿಲನ್ನು ದಾಟಗೊಡುವುದಿಲ್ಲ. ಅದೂ ಅವನಿಗೆ ಗೊತ್ತಿತ್ತು.

"ಲಗೂ ಆಗ್ಲಿ, ಮಾಡ ಬರಾಕತ್ತಾವ," ಎಂದರು ರಾಜೇಸಾಬರು. "ಬಿಸಿಲು ಹೋಗ್ತೈತಿ."

ಅವಳು ಗುರುತನ್ನು ಒರೆಸಲಿಲ್ಲ, ಅವನೂ ಒರೆಸಲಿಲ್ಲ.

ಅವಳು ಅಚ್ಚಿನ ಹಸಿರು ಲೇಪ ಹಚ್ಚಿ ಒಣಗಿಸಿಟ್ಟಿದ್ದ ಸ್ಕ್ರೀನಿನ ಚೌಕಟ್ಟನ್ನು ಕರಿಬಟ್ಟೆಯಲ್ಲಿ ಸುತ್ತಿ ಮಾಳಿಗೆಗೆ ಒಯ್ದಳು. ಅವನು ಯಾಕೆಂದು ತಿಳಿಯದೆ ಹಿಂದೆ ಹತ್ತಿದ. ಅವಳು ಹಾಳೆಯನ್ನು ಸ್ಕ್ರೀನಿನ ಮೇಲೆ ಹಾಸಿ, ಗಾಜು ಮುಚ್ಚಿ, ಬಿಸಿಲಿಗೆ ಒಡ್ಡಿದಳು. ಬಿಸಿಲು ಬಿದ್ದ ಕಡೆ ಲೇಪ ಗಟ್ಟಿಯಾಗುತ್ತದೆ. ಬಿಸಿಲು ತಡೆದ ಕಡೆ ಮೆತ್ತಗೆ ಉಳಿದು, ನೀರಿಗೆ ತೊಳೆದುಹೋಗಿ, ಮಸಿಗೆ ದಾರಿ ಬಿಡುತ್ತದೆ. ಎರಡು ನಿಮಿಷ. ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು, ತುಟಿಗಳು ಅಲುಗುತ್ತಿದ್ದವು. ಅವನು ಒಮ್ಮೆ ಕೆಮ್ಮಿದ. ಅವಳು ಎಣಿಕೆ ತಪ್ಪಿಸಲಿಲ್ಲ.

ಆಮೇಲೆ ಚೌಕಟ್ಟನ್ನು ತೊಟ್ಟಿಯ ಬಳಿ ಒರಗಿಸಿ ತಂಬಿಗೆಯಿಂದ ನೀರು ಹಾಕತೊಡಗಿದಳು. ಮೊದಲು ದಪ್ಪ ಅಕ್ಷರಗಳು ತೆರೆದವು: ಬೇಕಾಗಿದ್ದಾರೆ. ಆಮೇಲೆ ಸಣ್ಣ ಸಾಲುಗಳು. ಅವಳು ಇನ್ನೊಂದು ತಂಬಿಗೆ ಹಾಕಿದಳು. ಕೆಳಗೆ, ಸಹಿ ಬೀಳಬೇಕಾದ ಜಾಗದಲ್ಲಿ, ಹಸಿರು ಲೇಪ ಗೆರೆ ಗೆರೆಯಾಗಿ ಕರಗಿ, ಸುಳಿಯ ಸುತ್ತ ಸುಳಿ ಬಿಚ್ಚಿ, ಒಂದು ಹೆಬ್ಬೆಟ್ಟು ನಿಧಾನವಾಗಿ ತೆರೆದುಕೊಂಡಿತು. ಅದರ ಆಚೆಗೆ ಆಕಾಶ ಕಾಣುತ್ತಿತ್ತು.

"ಐನೂರು ಹೊಡಿರಿ," ಕೆಳಗಿನಿಂದ ರಾಜೇಸಾಬರು ಕೂಗಿದರು.